ಗಿಟಾರಿನವನಿಗೆ ಆಟಿಯಲ್ಲಿ ಮದುವೆ

ಕೊಡೂದಿಲ್ಲ ಅಂದ್ರ ಕೊಡೂದಿಲ್ಲ, ಅಮ್ಮಾರ. ಆ ಅಂಗಿಗೆ ಕೈ ಹಚ್ಚಬ್ಯಾಡ್ರಿ. ಬೇಕಾದ್ರ ಗಿಟಾರ ಒಯ್ರಿ... ಇಲ್ಲ, ಅದೂ ಬ್ಯಾಡ. ಕೂಡ್ರಿ ಮೊದಲ. ಉಡುಪಿಯಿಂದ ಬಸ್ಸಿನ್ಯಾಗ ಕುಂತು ಕುಂತು ಬಂದೀರಿ, ಮ್ಯಾಲ ಈ ಕುರ್ಲಾ ಚಾಳಿನ ಮೆಟ್ಟಲಾ. ನಿಮ್ಮ ತಮ್ಮ ದೂಜಣ್ಣ ಕೆಳಗ ಚಾ ಕುಡದ ಬರ್ತಾನ, ಬರಲಿ. ನಾನಾ? ಸುಂದ್ರವ್ವ. ಬಾಜು ಖೋಲಿಯಾಕಿ. ನಿಮ್ಮ ಮಗ ಕೀಲಿ ನನ್ನ ಕಡೆ ಕೊಟ್ಟಿದ್ದ, ಅಷ್ಟ.

ನೀವು ಹೇಳಿದ್ದು ನಾನ ಒಮ್ಮೆ ಹೇಳ್ತೀನಿ, ಸರಿ ಐತಿಲ್ಲೋ ನೋಡ್ರಿ. ಮದುವಿ ಇಲ್ಲದ ಸತ್ತವರ ಜೀವ ಮನಿ ಸುತ್ತ ತಿರಗತೈತಿ. ನಿಮ್ಮ ಹಿರೇ ಸೊಸಿಗೆ ಎರಡ ಸಲ ಬಸರ ನಿಲ್ಲಲಿಲ್ಲ. ಜೋಯಿಸ ಕವಡಿ ಹಾಕಿ, ಮುಂಬೈಯಾಗ ಸತ್ತಾವ ಹೆಣ್ಣ ಕೇಳಾಕತ್ಯಾನ ಅಂದ. ಅದಕ್ಕ ಈ ಆಟಿ ತಿಂಗಳದಾಗ, ನಮ್ಮ ಆಷಾಢ ಅನ್ರಿ, ಬರೂ ಐತವಾರ, ಅವನ ಅಂಗಿ ಮಣಿ ಮ್ಯಾಲ ಇಟ್ಟು, ಬಾಜೂಕ ಸತ್ತ ಹುಡುಗಿ ಸೀರಿ ಇಟ್ಟು ಧಾರಿ ಎರೀತೀರಿ. ಹುಡುಗಿ ಕಾರ್ಕಳದಾಕಿ. ಸತ್ತಾಗ ಎಂಟ ತಿಂಗಳಿನ ಕೂಸು, ಬದುಕಿದ್ರ ಈಗ ಇಪ್ಪತ್ತು... ಹೌದಲ್ಲ?

ಹಂಗ ನೋಡಬ್ಯಾಡ್ರಿ, ನಿಮ್ಮ ಪದ್ಧತಿಗೆ ನಗಲಿಲ್ಲ ನಾ. ಎಂಟ ತಿಂಗಳಿನ ಕೂಸಿಗೆ ಗಿಟಾರ ಅಂದ್ರ ಏನ ಗೊತ್ತು ಅಂತ ನಗಿ ಬಂತು. ಆಕಿ ಹೆಂಗ ಬಾಳೇ ಮಾಡ್ತಾಳ ಅವನ ಜೋಡಿ? ನಿದ್ದಿಗಣ್ಣಾಗ ಎದ್ದು ಗೋಡಿಗೆ ಬೆರಳ ಬಡಿಯಾಂವ ಅವ. ಗ್ರಾಂಟ್ ರೋಡ್ ಹೋಟೆಲದಾಗ ಸಾಂಬಾರ ಬಕೀಟ ಹೊತ್ತ ಹೊತ್ತ ಅಂಗೈ ಸುಟ್ಟಿತ್ತು, ತಂತಿ ಒತ್ತಿ ಒತ್ತಿ ಬೆರಳ ತುದಿ ಕಲ್ಲ ಆಗಿತ್ತು. ಮುಟ್ಟಿದ್ರ... ಅಂದ್ರ, ನೋಡಿದ್ರ ಗೊತ್ತಾಗತಿತ್ತು.

ಏನಂದ್ರಿ? ಕುಡದ ಸತ್ತ ಅಂತಾರೇನು ಊರಾಗ? ಯಾರ್ರಿ ಅಂದವರು? ಕರಕೊಂಡ ಬರ್ರಿ ಇಲ್ಲಿಗೆ. ಕೂದಲ ಹೆಗಲಿಗೆ ಬಿಟ್ರ ಕುಡುಕ ಆಗ್ತಾರಾ? ಬೀಡಿ ಸುದ್ದಾ ಸೇದಿದಾವಲ್ಲ. ಕಾಮಾಲಿ ರೋಗ ಅದು. ಬಾಜಾ ಬಾರಿಸಾಕ ಹೋದಲ್ಲೆಲ್ಲ ಸಿಕ್ಕ ನೀರ ಕುಡದ, ಕಣ್ಣ ಹಳದಿ ಆದ್ರೂ ಐತವಾರದ ಶೋ ಮುಗೀಲಿ ಅಂದ. ನಾ ಬ್ಯಾಡ ಅಂದೆ. ಎಷ್ಟ ಜಗಳಾಡಿದೆ. ಇಪ್ಪತ್ನಾಲ್ಕ ವರ್ಷದಾಂವ, ಇಪ್ಪತ್ತೆರಡ ದಿನದಾಗ ಹೋದ.

ಆ ಶೋ ಕೇಳ್ರಿ, ನಿಮಗ ಯಾರೂ ಹೇಳಿಲ್ಲ. ಚರ್ಚ್‌ಗೇಟ್ ಕಡೆ ಒಂದ ಕಾಲೇಜು. ಇಂಗ್ಲಿಷ್ ಮಾತಾಡೂ ಹುಡುಗರು, ಹೋಟೆಲ ಮಾಣಿ ಏನ ಬಾರಿಸ್ಯಾನು ಅಂತ ಸೀಟಿ ಹೊಡದ್ರು. ಇಂವ ಅವರ ಹಾಡ ಬಿಟ್ಟ. ನೀವು ಗದ್ದ್ಯಾಗ ನಟ್ಟಿ ಹಚ್ಚೂವಾಗ ಹಾಡ್ತಿದ್ರಂತಲ್ಲ, ಆ ಧಾಟಿ ಹಿಡದ. ಹೌದ್ರಿ, ನಿಮ್ಮದ. ಕರೆಂಟ ಗಿಟಾರದಾಗ. ಮೊದಲ ಸಾವಕಾಶ, ಆಮ್ಯಾಲ ವಿಕ್ರೋಳಿಯ ನಮ್ಮ ಕಾರಖಾನೆ ಮಶೀನ ಹೊಡದಂಗ. ಸೀಟಿ ಹೊಡದವರೇ ಕುರ್ಚಿ ಮ್ಯಾಲ ಹತ್ತಿ ಕುಣದ್ರು. ಅಳಬ್ಯಾಡ್ರಿ. ನಾ ಅತ್ತಿಲ್ಲ ನೋಡ್ರಿ. ದವಾಖಾನ್ಯಾಗೂ ಅಳಲಿಲ್ಲ. ನೀ ಯಾರವ್ವಾ ಅಂತ ಡಾಕ್ಟರ ಕೇಳಿದ್ರ, ಬಾಜು ಖೋಲಿಯಾಕಿ ಅಂದೆ. ಸುಡಾಕ ಒಯ್ಯೂವಾಗ ದೂಜಣ್ಣ, ಹೆಂಗಸರ ಬರಬಾರದು, ಅದೂ ಹೊರಗಿನವರು ಅಂದ. ಹೊರಗ ನಿಂತೆ. ಮರುದಿನ ಫಸ್ಟ್ ಶಿಫ್ಟಿಗೆ ಹೋದೆ.

ಆ ಅಂಗಿ ಅವರು ಅವತ್ತ ಹಾಕಿದ್ದು... ಏನಾತು? ಯಾಕ ಎದ್ದು ಬಾಗಲಕ್ಕ ಹೋದ್ರಿ? ಅವತ್ತ ಅಂದ್ರ ಯಾವತ್ತು ಅಂತ ಕೇಳ್ರಿ ಬೇಕಾದ್ರ. ಬೈರಿ. ಹಿಂಗ ನನ್ನ ಬಾಯಿ ನೋಡಬ್ಯಾಡ್ರಿ.

ಓ... ತಿಳೀತು. ಇಷ್ಟೊತ್ತು ನಿಮ್ಮ ಮಗ, ಅಂವ, ಇಂವ ಅಂದೆ, ಈಗ ಬಾಯಿ ತಪ್ಪಿ ಅವರು ಅಂದೆ. ಹೆಸರ ಹಿಡೀಲಿಲ್ಲ. ನಿಮ್ಮ ಕಡೇನೂ ಹೆಂಗಸರು ಹಿಡಿಯೂದಿಲ್ಲೇನು?

ಹೌದು. ಹೋದ ವರ್ಷ ಯುಗಾದಿ ಮುಂದ ರಜಿಸ್ಟರ ಕಚೇರ್ಯಾಗ ಸಹಿ ಮಾಡೀವಿ, ಆ ಅಂಗಿ ಅವತ್ತ ಹಾಕಿದ್ದು. ಅವರ ಜೋಡಿ ಡ್ರಮ್ಮ ಬಾರಿಸಾಂವ, ಮತ್ತಿಬ್ಬರು ಗೆಳ್ಯಾರು ಸಾಕ್ಷಿ. ನಮ್ಮಪ್ಪಗ ಗೊತ್ತಾದ್ರ ಕಡದ ಹಾಕ್ತಿದ್ದ, ಶೋ ಆದಮ್ಯಾಲ ಎಲ್ಲಾರಿಗೂ ಹೇಳೂದಿತ್ತು. ಈಗ ಅಪ್ಪ ಕಡೀಲಿ. ಇನ್ನ ಅಂಜೂದಿಲ್ಲ.

ನಮ್ಮ ಕಡೆ ಗಂಡನ ಹೆಸರ ಹಿಡದ್ರ ಒಡಪಿನ್ಯಾಗ ಕಟ್ಟಿ ಹಿಡೀಬೇಕು. ಮದುವ್ಯಾದ ಹುಡುಗಿ ಮನಿಗೆ ಬಂದಾಗ ಹೆಂಗಸರು ಬಾಗಲಕ್ಕ ಅಡ್ಡ ನಿಂತು ಕೇಳ್ತಾರ, ಹೇಳಿದ್ರನ ಒಳಗ ಬಿಡ್ತಾರ. ನನ್ನ ಯಾರೂ ಕೇಳಲಿಲ್ಲ. ನೀವ ಈಗ ಬಾಗಲದಾಗ ನಿಂತೀರಿ. ಕೇಳ್ರಿ...

ಆರು ತಂತಿ ಮೀಟಿದರ ಊರಿಗೆ ಊರ ಕುಣೀತು,
ಶೇಖರನ ಹೆಸರ ಹೇಳಿದರ ನನ್ನ ಎದಿ ತಣೀತು.

ಈಗ ಹೇಳ್ರಿ, ಅತ್ತಿ. ಮದುವಿ ಆದವಗ ಮತ್ತ ಮದುವಿ ಮಾಡ್ತೀರೇನು?