ಹುಳಿಮಾವು ಸರ್ಕಲ್ಲಿನ ಫ್ಲೆಕ್ಸ್

ಮಕ್ಕಳ ಮುಂದಿನ ವರ್ಷವನ್ನು ಬೀದಿಯವರ ಮಾತಿಗೆ ಹೆದರಿ ತೀರ್ಮಾನಿಸುವವರಲ್ಲಿ ನೀವೂ ಒಬ್ಬರಲ್ಲವೇ? ನಿನ್ನೆ ಬನಶಂಕರಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದಲ್ಲಿ ನಿಂತಿದ್ದ ತಂದೆ-ಮಗಳ ಮಾತನ್ನು ಕೇಳಿದಂತೆಯೇ ಇಲ್ಲಿ ಬರೆದಿದ್ದೇನೆ.

“ಪಿಯುಸಿ ಇನ್ನೊಂದ್ಸಲ ಬರಿ ಮಧು. ತೊಂಬತ್ತೈದು ಬಂದೇ ಬರುತ್ತೆ.”

“ಎಪ್ಪತ್ತೆಂಟು ಬಂದಿದೆ ಅಪ್ಪ. ಯೂನಿವರ್ಸಿಟೀಲಿ ಇತಿಹಾಸಕ್ಕೆ ಸೀಟು ಕೊಟ್ಟಿದಾರೆ. ಸೇರೋಕೆ ಇವತ್ತೇ ಕೊನೇ ದಿನ.”

“ಹುಳಿಮಾವು ಸರ್ಕಲ್‌ನಲ್ಲಿ ಫ್ಲೆಕ್ಸ್ ಹಾಕ್ಸಿಬಿಟ್ಟಿದೀನಲ್ಲೇ! ‘ತೊಂಬತ್ತೈದು ಪರ್ಸೆಂಟ್ ಪಡೆದ ಮಧುಶ್ರೀಗೆ ಅಭಿನಂದನೆ’ ಅಂತ.”

“ರಿಸಲ್ಟ್ ಬರೋಕ್ ಮುಂಚೇನೇ ಯಾರು ಹಾಕ್ಸು ಅಂದ್ರು?”

“ಪ್ರಿಂಟಿಂಗ್‌ನವನು ಆಮೇಲೆ ರಶ್ ಆಗುತ್ತೆ ಅಂದ.”

“ಅದ್ರಲ್ಲಿ ನನ್ನ ಫೋಟೋ ಬೆರಳುದ್ದ, ನಿಮ್ದು ಆಳೆತ್ತರ. ಪರೀಕ್ಷೆನೂ ನೀವೇ ಬರೀರಿ.”

“ತಮಾಷೆ ಸಾಕು. ಜನ ಏನಂತಾರೆ?”

“ಅಂದ್ಕೊಳ್ಲಿ. ಫ್ಲೆಕ್ಸ್ ತಪ್ಪಾದ್ರೆ ಫ್ಲೆಕ್ಸ್ ತೆಗೀಬೇಕು. ನನ್ನ ಒಂದು ವರ್ಷ ಯಾಕೆ ತೆಗೀತೀರ? ನಾನು ಸೇರ್ಕೊಂಡು ಬರ್ತೀನಿ, ಅಷ್ಟರಲ್ಲಿ ಅದನ್ನ ಬಿಚ್ಚಿಡಿ.”

ಅವಳ ಬಸ್ಸು ಬಂತು, ಹತ್ತಿದಳು. ತಂದೆ ಹುಳಿಮಾವಿನ ಬಸ್ಸಿನತ್ತ ನಡೆದರು.

ಓದುಗರೇ, ಅಂಥ ಫಲಕವೊಂದು ನಿಮ್ಮ ಬೀದಿಯಲ್ಲೂ ಇದ್ದರೆ ದಯವಿಟ್ಟು ಇಂದೇ ಇಳಿಸಿ.