ಕುದುರೆಗಳಿಗೊಂದು ಅಧ್ಯಾಯ

ಗ್ರಂಥಾಲಯದ ಸಾಲಿನಲ್ಲಿ ನನ್ನ ಮುಂದೆ ಒಬ್ಬಳು ಅಕ್ಕ, ಅವಳ ತಮ್ಮ ನಿಂತಿದ್ದರು. ತಮ್ಮನ ಕೈಯಲ್ಲಿ ಊರಿನ ಬಟ್ಟೆ ಗಿರಣಿಯ ದಪ್ಪ ಚರಿತ್ರೆಯಿತ್ತು.

“ಎಲ್ಲರೂ ಹೊಗಳ್ತಿದಾರೆ. ನೀನು ಓದಿದ್ಯಲ್ಲ, ಹೇಗಿದೆ ಅಕ್ಕಾ?”

“ಎಂಟುನೂರು ಪುಟ. ಧಣಿ ಸಾಕಿದ ಕುದುರೆಗಳಿಗೇ ಒಂದು ಅಧ್ಯಾಯ.”

“ಗಿರಣಿಗೆ ಬೆಂಕಿ ಬಿದ್ದಿದ್ದು?”

“ಅರ್ಧ ಸಾಲು. ‘ಕೆಲವು ಕಾರ್ಮಿಕರು ಸತ್ತರು.’ ಅಷ್ಟೇ.”

“ಅಪ್ಪನ ಹೆಸರು?”

“ಕುದುರೆಗಳ ಹೆಸರಿದೆ ಕಣೋ!”

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

“ಹಾಗಾದ್ರೆ ಇಲ್ಲೇ ಬಿಸಾಕ್ತೀನಿ.”

“ಬೇಡ, ಪೂರ್ತಿ ಓದು. ಬರೆದ ಪುಣ್ಯಾತ್ಮ ಭಾನುವಾರ ಇಲ್ಲೇ ಭಾಷಣ ಮಾಡ್ತಾನೆ. ಓದದೇನೇ ಜಗಳಕ್ಕೆ ಬಂದ್ರು ಅಂತ ಜಾರಿಕೊಳ್ಳಬಾರದು. ಸತ್ತ ಹನ್ನೊಂದು ಜನರ ಹೆಸರೂ ನನಗೆ ಬಾಯಿಪಾಠ. ಎದ್ದು ನಿಂತು ಒಂದೊಂದೇ ಹೇಳ್ತೀನಿ.”

ತಮ್ಮ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡ. ಇಬ್ಬರೂ ಮೆಟ್ಟಿಲಿಳಿದು ಹೋದರು.