ಹೊಸಪೇಟೆಯಲ್ಲಿ ಮೊದಲು ಕೇಳಿದವಳು

ಹೊಸಪೇಟೆ ಸ್ಟೇಷನ್ನಿನ ಹೆಂಗಸರ ಕೋಣೆಯಲ್ಲಿ ಗುಂತಕಲ್ಲಿನ ರೈಲಿಗೆ ಕಾಯುತ್ತಿದ್ದೆ. ಎದುರಿನ ಎಳೆಯ ಹೆಂಗಸಿನ ತುಟಿ ಒಡೆದು ರಕ್ತ ಒಸರುತ್ತಿತ್ತು. ಅವಳ ಪಕ್ಕದಲ್ಲಿ ಬಳೆ ಮಾರುವ ಮುದುಕಿ ಕುಳಿತಿದ್ದಳು.

"ಯಾರವ್ವಾ ಹೊಡೆದದ್ದು?" ಮುದುಕಿ ಕೇಳಿದಳು.

"ಗಂಡ. ಕಂಪ್ಲಿಯಿಂದ ಓಡಿ ಬಂದೀನ್ರಿ. ಈ ಊರಾಗ ಇಷ್ಟು ಮಂದಿ ನೋಡಿದ್ರು, ನೀವೇ ಮೊದಲು ಕೇಳಿದ್ರಿ."

"ಎಲ್ಲಿಗೆ ಹೊಂಟಿ?"

"ಬಳ್ಳಾರಿಗೆ, ಅಕ್ಕನ ಮನಿಗೆ. ಅಯ್ಯೋ, ಅಲ್ಲಿ ನೋಡ್ರಿ, ಗೇಟಿನ ಹತ್ರ! ಕುಡುಗೋಲು ತಂದಾನ. ಕಡಿತಾನ್ರಿ ನನ್ನ."

"ಒದರಬ್ಯಾಡ. ಒಬ್ಬಂಟಿ ಹೆಂಗಸನ್ನ ಹುಡುಕ್ತಾನ ಅವ. ಸೆರಗು ಮುಂದ ಎಳಕೋ. ಈ ಬಳಿ ಗಂಟು ಹೆಗಲಿಗೆ ಹಾಕ್ಕೋ. ಇವತ್ತು ನೀ ನನ್ನ ಸೊಸಿ."

"ಕಾಲು ನಡಗ್ತಾವ, ಅತ್ತಿ."

"ನಡಗಲಿ ಬಿಡು. ಬಳಿ ಸಪ್ಪಳ ಆದ್ರ ಚಲೋನ ಆತು."

ಇಬ್ಬರೂ ಎದ್ದರು. "ಬಳೀ ಬೇಕೇನ್ರವ್ವಾ, ಬಳೀ!" ಎಂದು ಕೂಗುತ್ತ ಮುದುಕಿ ಗೇಟಿನತ್ತ ಮುಂದೆ ನಡೆದಳು. ಬಳೆ ಒಡೆದರೆ ಅಪಶಕುನವೆಂದು ಕುಡುಗೋಲಿನವನು ಗೋಡೆಗೆ ಸರಿದು ದಾರಿ ಬಿಟ್ಟ.